ಅಪ್‌ಡೇಟ್: ಮೆಮರಿ ಕೆಟ್ಟರೂ ಸರ್ವರ್ ಯಾಕೆ ಬೀಳಲಿಲ್ಲ?

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ ಡೇಟಾಬೇಸ್ ಮಾತ್ರ ಸಿಗ್‌ಬಸ್ (ಮೆಮರಿ ಓದಲಾಗದಾಗ ಪ್ರೊಸೆಸ್ ನಿಲ್ಲಿಸುವ ಸಿಗ್ನಲ್) ಬಂದು ಸತ್ತಿತು, ಮಷೀನ್ ಆರಾಮಾಗಿ ಓಡುತ್ತಲೇ ಇತ್ತು, ಯಾಕೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು.

ಇಸಿಸಿ ಮೆಮರಿ (ತಪ್ಪು ತಿದ್ದಿಕೊಳ್ಳುವ ರ‍್ಯಾಮ್) ಒಂದು ಬಿಟ್ ಕೆಟ್ಟರೆ ತಾನೇ ಸರಿ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಕೆಟ್ಟರೆ ಪತ್ತೆ ಹಚ್ಚುತ್ತದೆ, ಅಷ್ಟೇ. ಆಗ ಕರ್ನಲ್ (ಲಿನಕ್ಸ್‌ನ ತಿರುಳು) ಆ ಬಿಟ್‌ಗಳಿರುವ ಪೇಜಿಗೆ, ಅಂದರೆ ಸಾಮಾನ್ಯವಾಗಿ 4 ಕೆಬಿಯ ಮೆಮರಿ ತುಂಡಿಗೆ, 'ವಿಷ' ಅಂತ ಗುರುತು ಹಾಕಿ ಬಳಕೆಯಿಂದ ತೆಗೆಯುತ್ತದೆ. ಈ ವ್ಯವಸ್ಥೆ 2.6.32ನೇ ಆವೃತ್ತಿಯಿಂದ ಇದೆ.

ಮುಂದಿನದೆಲ್ಲ ಪೇಜಿನಲ್ಲಿ ಏನಿತ್ತು ಅನ್ನುವುದರ ಮೇಲೆ. ಡಿಸ್ಕ್‌ನಲ್ಲೂ ಇರುವ ಫೈಲಿನ ಕ್ಲೀನ್ (ಓದಿದ ಮೇಲೆ ಬದಲಾಗದ) ಪೇಜ್ ಆದರೆ ಸುಮ್ನೆ ಬಿಸಾಕಿ, ಮತ್ತೆ ಓದಿಕೊಂಡರಾಯಿತು. ನಮ್ಮದು ಡೇಟಾಬೇಸಿನ ಅನಾನಿಮಸ್ (ಯಾವ ಫೈಲಿಗೂ ಸೇರದ) ಪೇಜ್, ಬೇರೆಲ್ಲೂ ಪ್ರತಿ ಇಲ್ಲ. ಹಾಗಾಗಿ ಅದನ್ನು ಮುಟ್ಟಿದ ಪ್ರೊಸೆಸ್‌ಗೆ ಸಿಗ್‌ಬಸ್. ಕೆಟ್ಟ ಡೇಟಾವನ್ನು ಡಿಸ್ಕಿಗೆ ಬರೆಯುವುದಕ್ಕಿಂತ ಸಾಯುವುದೇ ವಾಸಿ ಅಲ್ವಾ? ಕರ್ನಲ್ ತನ್ನದೇ ಕೆಲಸಕ್ಕೆ ಇಟ್ಟುಕೊಂಡ ಪೇಜ್ ಆಗಿದ್ದರೆ ಇಡೀ ಮಷೀನೇ ಪ್ಯಾನಿಕ್ ಆಗಿ ನಿಲ್ಲುವ ಸಾಧ್ಯತೆ ಜಾಸ್ತಿ ಇತ್ತು.

ಮೆಮರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೋ ಫೈಲ್ ತೆರೆದು ನೋಡಿದೆ. 'ಹಾರ್ಡ್‌ವೇರ್‌ಕರಪ್ಟೆಡ್' ಸಾಲಿನಲ್ಲಿ 4 ಕೆಬಿ. ಸರಿಯಾಗಿ ಒಂದು ಪೇಜು.

"ರೀಬೂಟ್ ಮಾಡಿದ್ರ ಸರಿ ಹೋಗ್ತದ ಬಿಡ್ರಿ ಅಣ್ಣಾ" ಅಂದ ಪಕ್ಕದ ಸೀಟಿನ ಧಾರವಾಡದ ಹುಡುಗ. ಸಂಖ್ಯೆ ಸೊನ್ನೆಯಾಗುತ್ತದೆ, ನಿಜ. ಆದರೆ ಅಳಿಯುವುದು ಕರ್ನಲ್ ಹಾಕಿದ ಗುರುತು. ಚಿಪ್ ಕೆಟ್ಟಿದ್ದರೆ ಕೆಟ್ಟೇ ಇರುತ್ತದೆ. ಮೆಮರಿ ಎರರ್‌ಗಳನ್ನು ದಾಖಲಿಸುವ ಇಡ್ಯಾಕ್ ಲಾಗ್‌ನಲ್ಲಿ ಸ್ಲಾಟ್ ಯಾವುದೆಂದು ನೋಡಿ ಆ ರ‍್ಯಾಮ್ ಸ್ಟಿಕ್ ಬದಲಿಸಿದೆವು. ಈಗ ಹಾರ್ಡ್‌ವೇರ್ ಎರರ್‌ಗಳ ಮೇಲೆ ಕಣ್ಣಿಡುವ ರಾಸ್‌ಡೀಮನ್ ಓಡುತ್ತಿದೆ. ಸರಿಪಡಿಸಿದ ಎರರ್‌ಗಳು ಒಂದೇ ಪೇಜಿನಲ್ಲಿ ಹೆಚ್ಚಾದರೆ, ಡೇಟಾ ಇನ್ನೂ ಚೆನ್ನಾಗಿರುವಾಗಲೇ ಬೇರೆ ಪೇಜಿಗೆ ಸಾಗಿಸುವ ಸಾಫ್ಟ್ ಆಫ್‌ಲೈನ್ ಕೂಡ ಆನ್ ಮಾಡಿದ್ದೇವೆ.