ವಾರ್ ಗೇಮ್‌ನಲ್ಲಿ ಗಡಿಬಿಡಿ ಹುಟ್ಟಿಸುವುದು ಹೇಗೆ?

ಅವರೆಕಾಳು, ಚಿಕ್ಕಬಳ್ಳಾಪುರ:
ನಾವು ನಾಲ್ಕು ಜನ ಭಾನುವಾರ ನಮ್ಮ ಮಹಡಿ ಮೇಲೆ 1791ರ ನಂದಿದುರ್ಗದ ಮುತ್ತಿಗೆ ಆಡುತ್ತೇವೆ. ಕಾರ್ನ್‌ವಾಲಿಸ್ ಕಡೆಗೆ ಹುಣಸೆ ಬೀಜ, ಟಿಪ್ಪು ಕಡೆಗೆ ಅವರೆಕಾಳು. ಒಂದೊಂದು ನಡೆಗೆ ಅರ್ಧ ಗಂಟೆ ಯೋಚನೆ ಮಾಡುತ್ತಾರೆ, ಚೆಸ್ ಆಗಿಬಿಟ್ಟಿದೆ. ಮೊಬೈಲ್‌ನಲ್ಲಿ ಐದು ನಿಮಿಷದ ಟೈಮರ್ ಇಟ್ಟೆ. ಬೇಗ ಆಡುತ್ತಾರೆ, ಆದರೆ ಯಾರಿಗೂ ತಲೆಬಿಸಿ ಇಲ್ಲ. ಏನು ಮಾಡಲಿ?

ಹಳೇ ಹವಾಲ್ದಾರ್, ಮಧುಗಿರಿ:
ಟೈಮರ್ ತಪ್ಪಲ್ಲ ಮಗು. ಬೀಜ, ಕಾಳು ಎಲ್ಲಾ ಎಲ್ಲರ ಕಣ್ಣ ಮುಂದೆ ಇದ್ದರೆ ತಲೆಬಿಸಿ ಎಲ್ಲಿಂದ ಬರಬೇಕು?

1824ರಲ್ಲಿ ಪ್ರಷ್ಯಾದ (ಆಗಿನ ಜರ್ಮನ್ ರಾಜ್ಯ) ರೈಸ್ವಿಟ್ಸ್ ಎಂಬ ಲೆಫ್ಟಿನೆಂಟ್ ಮಾಡಿದ ವಾರ್ ಗೇಮ್‌ನಲ್ಲಿ ಒಂದು ಸರದಿ ಎಂದರೆ ಯುದ್ಧದ ಎರಡು ನಿಮಿಷ. ಆದೇಶವನ್ನು ಚೀಟಿಯಲ್ಲಿ ಬರೆದು ಅಂಪೈರ್ ಕೈಗೆ ಕೊಡಬೇಕು. ಶತ್ರು ನಿಮ್ಮ ಕಣ್ಣಿಗೆ ಬೀಳುವ ಜಾಗಕ್ಕೆ ಬಂದರೆ ಮಾತ್ರ ಅವನ ಕಾಯಿ ನಕ್ಷೆ ಮೇಲೆ ಬರುತ್ತದೆ.

1942ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಗಿಲ್ಬರ್ಟ್ ರಾಬರ್ಟ್ಸ್ ಇದನ್ನೇ ಇನ್ನೂ ಬಿಗಿ ಮಾಡಿದರು. ನೆಲವೇ ಅಟ್ಲಾಂಟಿಕ್. ಹಡಗಿನ ಅಧಿಕಾರಿಗಳು ಪರದೆಯ ಸಂದಿಯಿಂದ ಇಣುಕಬೇಕು. ಜರ್ಮನ್ ಸಬ್‌ಮರೀನ್ ಓಡಾಡಿದ ಗೆರೆ ಹಸಿರು ಸೀಮೆಸುಣ್ಣದಲ್ಲಿ, ಸಂದಿಯಿಂದ ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ. ಆಡಿಸುತ್ತಿದ್ದವರು ಜಾಸ್ತಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಸಮುದ್ರ ಕಂಡ ಕ್ಯಾಪ್ಟನ್‌ಗಳೇ ಅವರ ಮುಂದೆ ಸೋತು ಹೋಗುತ್ತಿದ್ದರು.

ನನ್ನದೇ ಪೆದ್ದುತನ ಒಂದಿದೆ. ಸೈನ್ಯದ ತರಬೇತಿಯ ಕೇಡರ್ ಕೋರ್ಸ್‌ನಲ್ಲಿ ಸ್ಯಾಂಡ್ ಮಾಡೆಲ್, ಅಂದರೆ ಮರಳಿನಲ್ಲಿ ಮಾಡಿದ ಯುದ್ಧಭೂಮಿ. ಮರಳಿನ ಗುಡ್ಡ, ಸುಣ್ಣದ ಪುಡಿಯ ರಸ್ತೆ, ನೀಲಿ ದಾರದ ಹೊಳೆ. ಸಾಹೇಬರು ವಾಚ್ ನೋಡುತ್ತಾ ನಿಂತಿದ್ದರು. ಅವಸರದಲ್ಲಿ ‘ಎಡಗಡೆಯಿಂದ ಹತ್ತಿ’ ಎಂದು ಬರೆದೆ. ಯಾರ ಎಡ? ನಂದೋ, ಗುಡ್ಡದ ಮೇಲೆ ಕೂತವನದೋ? ಎರಡು ತುಕಡಿ ಎರಡು ದಿಕ್ಕಿಗೆ ಹೋದವು. ಮರಳಾಗಿದ್ದರಿಂದ ನಗುವಿನಲ್ಲಿ ಮುಗಿಯಿತು. ಈಗಲೂ ಮನೆಯಲ್ಲಿ ಉಪ್ಪಿನ ಡಬ್ಬ ‘ಪೂರ್ವದ ಗೂಡಿನಲ್ಲಿದೆ’ ಎಂದು ಹೇಳಿ ಬೈಸಿಕೊಳ್ಳುತ್ತೇನೆ. ಚೀಟಿ ಬರೆಸು, ಆಮೇಲೆ ನೋಡು ಮಜಾ.

ಮೇಷ್ಟ್ರು, ಕೋಲಾರ:
ಅಂಪೈರ್ ಗಟ್ಟಿ ಇರಲಿ. ಎರಡನೇ ಮಹಾಯುದ್ಧದ ಮಿಡ್‌ವೇ ಸಮುದ್ರ ಕದನಕ್ಕೆ ಮುಂಚೆ ಜಪಾನಿಯರು ಆಡಿದ ಆಟದಲ್ಲಿ ಅವರ ವಿಮಾನವಾಹಕ ಹಡಗುಗಳ ಮೇಲೆ ಒಂಬತ್ತು ಬಾಂಬ್ ಬಿದ್ದವು. ಅಂಪೈರ್ ಆಗಿದ್ದ ಅಡ್ಮಿರಲ್ ಉಗಾಕಿ ಅದನ್ನು ಮೂರು ಮಾಡಿಬಿಟ್ಟರು. ಜೂನ್ 1942ರ ನಿಜವಾದ ಕದನದಲ್ಲಿ ಅವರ ಅಂಥ ನಾಲ್ಕು ಹಡಗು ಮುಳುಗಿದವು.

ಅವರೆಕಾಳು:
ಆಡಿದೆವು! ಮಧ್ಯೆ ಅಮ್ಮನ ಹಳೇ ಸೀರೆ ಪರದೆ, ತಂಗಿ ಅಂಪೈರ್. ಕರುಣೆಯೇ ಇಲ್ಲ ಅವಳಿಗೆ. ಹುಣಸೆ ಬೀಜದವನು ಒಂದಕ್ಕೊಂದು ಉಲ್ಟಾ ಮೂರು ಚೀಟಿ ಕಳಿಸಿದ, ಫಿರಂಗಿ ಗುಡ್ಡದ ಬುಡದಲ್ಲೇ ಉಳಿಯಿತು. ಸರ್, ಚೀಟಿ ಮೇಲಕ್ಕೆ ತಲುಪಲು ಎಷ್ಟು ಹೊತ್ತು ಇಡಬೇಕು?

ಹಳೇ ಹವಾಲ್ದಾರ್:
ನನ್ನನ್ನು ಯಾಕೆ ಕೇಳುತ್ತೀಯ? ಬೆಟ್ಟ ನಿಮ್ಮೂರ ಪಕ್ಕದಲ್ಲೇ ಇದೆ ಅಲ್ವಾ. ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಹತ್ತು, ವಾಚ್ ಕಟ್ಟಿಕೊಂಡು. ನೀರು ಮರೆಯಬೇಡ.