ಡೇರೆ (ಡೇಲಿಯಾ) ಗೆಡ್ಡೆ ಈಗಲೇ ಚಿಗುರಿದೆ, ಅತ್ತೆ ಊರಲ್ಲಿಲ್ಲ, ಏನ್ಮಾಡ್ಲಿ?

ಮಾದಾಪುರದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಮಂಡ್ಯ ಕಡೆ, ಮದುವೆಯಾಗಿ ಕೊಡಗಿನ ಮಾದಾಪುರದ ಹತ್ರ ಬಂದು ಎರಡು ವರ್ಷ ಆಯ್ತು. ಕಬ್ಬು ಭತ್ತ ಕೇಳಿ ಹೇಳ್ತೀನಿ, ಆದ್ರೆ ಈ ಮನೆ ಸುತ್ತಲಿನ ಹೂವಿನ ಗಿಡ ಮಾತ್ರ ಪೂರ್ತಿ ಅತ್ತೆ ರಾಜ್ಯ, ನನ್ನ ಕೈ ಹಾಕೋಕೆ ಬಿಟ್ಟಿರ್ಲಿಲ್ಲ. ಈಗ ಅವ್ರು ನಾದಿನಿ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಾರೆ, ಏಪ್ರಿಲ್‌ವರೆಗೂ ಬರಲ್ಲ. ಹೋಗುವಾಗ ಹೇಳಿದ್ದು ಒಂದೇ ಮಾತು, "ಏನೂ ಮಾಡ್ಬೇಡ, ಮಳೆ ಬರೋವರೆಗೆ ಸುಮ್ನಿರು."

ಸುಮ್ನಿರೋಕೆ ಆಗ್ತಿಲ್ಲ. ಜನವರಿ ಕೊನೆಯಲ್ಲಿ ಒಂದು ಸಾಯಂಕಾಲ ಇದ್ದಕ್ಕಿದ್ದಂಗೆ ಮಳೆ ಬಂತು, ಕರಿಮೆಣಸು ಒಣಗೋಕೆ ಹಾಕಿದ್ದು ಅಂಗಳದಲ್ಲಿ, ಟಾರ್ಪಾಲ್ ಹಿಡ್ಕೊಂಡು ಓಡಿದ್ದೇ ಓಡಿದ್ದು. ಅದಾದ್ಮೇಲೆ ಹಿತ್ತಲಿಗೆ ಏನೋ ಹಿಡ್ದಂಗೆ ಆಗಿದೆ. ಗೊಬ್ಬರದ ಗಿಡ ಎಲೆ ಇಲ್ದೆ ಬರೀ ಗುಲಾಬಿ ಬಣ್ಣ, ಹಾಲುವಾಣ ಮರದ ತುದಿಗೆ ಕೆಂಪು ಹೂ, ಅದರ ಮೇಲೆ ಗಿಳಿ ಮೈನಾಗಳ ಜಗಳ, ಕುಟ್ರು ಹಕ್ಕಿ ಬೆಳಗ್ಗೆ ಆರಕ್ಕೆ ಶುರು ಮಾಡಿದ್ರೆ ನಿಲ್ಸೋದೇ ಇಲ್ಲ. ರಾತ್ರಿ ಇನ್ನೂ ಕಂಬಳಿ ಬೇಕು, ಮಧ್ಯಾಹ್ನ ಫ್ಯಾನ್ ಬೇಕು.

ವಿಷಯ ಏನಂದ್ರೆ ಅತ್ತೆ ಬುಟ್ಟಿಲಿ ಮರಳು ಹಾಕಿ ಇಟ್ಟಿದ್ದ ಡೇರೆ ಗೆಡ್ಡೆಗಳು ಚಿಗುರಿಬಿಟ್ಟಿವೆ. ಗೇಣುದ್ದ, ಬಿಳಿ ಬಿಳಿ. ಈಗಲೇ ನೆಲಕ್ಕೆ ನೆಡ್ಲಾ? ಇನ್ನೊಂದು, ಅಂಗಳದ ಅಂಚಲ್ಲಿ ಹನ್ನೆರಡು ರೊಬಸ್ಟಾ ಕಾಫಿ ಗಿಡ ಇದೆ, ಮೊಗ್ಗು ತುಂಬಿದೆ, ಪಾಪ ಬಾಡಿದ ಹಂಗೆ ಕಂಡ್ತು ಅಂತ ವಾರದಿಂದ ದಿನಾ ಸಂಜೆ ಪೈಪ್ ಹಿಡೀತಿದೀನಿ, ಈಗ ಒಂದಿಷ್ಟು ಮೊಗ್ಗು ಅರಳ್ತಿದೆ ಆದ್ರೆ ಹೂವಿನ ತರ ಇಲ್ಲ, ಹಸಿರು ಹಸಿರಾಗಿ ಗಟ್ಟಿ. ಗುಲಾಬಿಗೆ ಹೇನು ಬಿದ್ದಿದೆ, ಅಂಗಡಿಯವ್ರು ಔಷಧಿ ಕೊಟ್ಟಿದ್ದಾರೆ. ಹಲಸಿನ ಮರದ ತೊಗಟೆ ಮೇಲೆ ಬೇರು ಹಬ್ಬಿಸಿ ಬೆರಳುದ್ದದ ಒಣ ಕಡ್ಡಿ ಗೊಂಚಲು ಅಂಟ್ಕೊಂಡಿದೆ, ಬಂದಳಿಕೆ ಇರ್ಬೇಕು, ಮೆಣಸು ಕೊಯ್ಯೋರು ಏಣಿ ಇಟ್ಟಾಗಲೇ ಕಿತ್ತು ಹಾಕ್ಸೋಣ ಅಂತಿದೀನಿ. ಅತ್ತೆಗೆ ಫೋನ್ ಮಾಡಿದ್ರೆ ಮಗು ಅಳ್ತಿರತ್ತೆ, ಪೂರ್ತಿ ಕೇಳೋಕಾಗಲ್ಲ. ನಿಜ ಹೇಳ್ಬೇಕಂದ್ರೆ ಕೇಳೋಕೆ ಭಯಾನೂ ಇದೆ.

ಮಳೆಪುಸ್ತಕ

ತಂಗಿ, ಮೊದ್ಲು ಆ ಪೈಪ್ ಬಂದ್ ಮಾಡಮ್ಮ. ಇವತ್ತೇ.

ನಿಮ್ಮ ಅತ್ತೆ ಹೇಳಿದ್ದು ಸರಿಯಾಗೇ ಇದೆ, ಕಾರಣ ಹೇಳಿಲ್ಲ ಅಷ್ಟೆ. ಕಾಫಿ ಮೊಗ್ಗು ಈ ಬಿಸಿಲಲ್ಲಿ ನಿದ್ದೆ ಮಾಡ್ತಾ ಇರತ್ತೆ. ಗಿಡಕ್ಕೆ ಬರ ತಾಗಬೇಕು, ಎಲೆ ಸ್ವಲ್ಪ ಜೋಲಬೇಕು, ಆಮೇಲೆ ಒಂದೇ ಸಲ ಹೊಟ್ಟೆ ತುಂಬ ನೀರು ಬಿದ್ರೆ ಎಲ್ಲಾ ಮೊಗ್ಗೂ ಒಟ್ಟಿಗೆ ಎದ್ದು ಎಂಟು ಹತ್ತು ದಿನಕ್ಕೆ ಒಂದೇ ದಿನ ಅರಳತ್ತೆ. ಹೂಮಳೆ ಅಂತ ಕಾಯೋದು ಅದಕ್ಕೇ. ಅರ್ಧ ನೀರು ಕೊಟ್ರೆ ಮೊಗ್ಗು ಎದ್ದೂ ಎದ್ದಿಲ್ಲ ಅನ್ನೋ ಹಂಗಾಗಿ ಸಣ್ಣಕೆ ಹಸಿರಾಗಿ ನಕ್ಷತ್ರದ ತರ ಬಿರುಸಾಗಿ ನಿಂತ್ಬಿಡತ್ತೆ. ನೀವು ನೋಡಿದ್ದು ಅದೇ. ಅದು ಕಾಯಿ ಕಟ್ಟಲ್ಲ.

ಲೆಕ್ಕ ಹೇಳ್ತೀನಿ ಕೇಳಿ. ಸ್ಪ್ರಿಂಕ್ಲರ್ ಇರೋರು ರೊಬಸ್ಟಾಗೆ ಹೂವಿಗೆ ಅಂತ ಕೊಡೋದು ಒಂದೂವರೆ ಇಂಚು. ಹತ್ತಡಿಗೆ ಹತ್ತಡಿ ಅಂತರದ ಗಿಡ ಆದ್ರೆ ಒಂದು ಗಿಡದ ಪಾಲಿಗೆ ಹತ್ತಿರ ಹತ್ತಿರ 350 ಲೀಟರ್ ಆಯ್ತು. ನಿಮ್ಮ ಪೈಪಿನಲ್ಲಿ ಐದು ನಿಮಿಷಕ್ಕೆ ಮೂರು ಬಿಂದಿಗೆ ಬರಬಹುದಾ? ಅದರಲ್ಲೂ ಜನವರಿಯ ಆ ಮಳೆ ನಮ್ಮ ಸುಂಟಿಕೊಪ್ಪ ಕಡೆ ಬರೀ 35 ಸೆಂಟು (ನೂರು ಸೆಂಟು ಅಂದ್ರೆ ಒಂದಿಂಚು), ಅದೇ ಅರೆಬರೆ, ಅದರ ಮೇಲೆ ನಿಮ್ದು ಬೇರೆ.

ಹನ್ನೆರಡು ಗಿಡ ತಾನೆ, ತಲೆ ಮೇಲೆ ಕೈ ಇಟ್ಕೋಬೇಡಿ. ಏಳದೆ ಇರೋ ಮೊಗ್ಗು ಇನ್ನೂ ಇದೆ. ಬುಡಕ್ಕೆ ತರಗೆಲೆ ಹೊದಿಸಿ ಬಿಟ್ಬಿಡಿ. ಮಾರ್ಚ್ ಅರ್ಧ ಆದ್ರೂ ಮಳೆ ಇಲ್ಲ ಅಂದ್ರೆ ಪಕ್ಕದ ತೋಟದವ್ರ ಸ್ಪ್ರಿಂಕ್ಲರ್ ಕೇಳಿ ಒಂದೇ ಸಲ ಪೂರ್ತಿ ಕೊಡಿ. ಹೂವಾದ ಮೇಲೆ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ನೀರು ಬೇಕು, ಬ್ಯಾಕಿಂಗ್, ಅದು ಸಿಗ್ಲಿಲ್ಲ ಅಂದ್ರೆ ಕಟ್ಟಿದ್ದೂ ಉದುರತ್ತೆ.

ಬಾಲ್ಕನಿ ಬೆಂಗಳೂರು

ಡೇಲಿಯಾ ಟ್ಯೂಬರ್ಸ್ ಫ್ರಿಡ್ಜ್‌ನಲ್ಲಿ ಇಡಿ ಮೇಡಂ, ಚಿಗುರೋದು ನಿಲ್ಲತ್ತೆ. ವೀಡಿಯೋದಲ್ಲಿ ನೋಡಿದ್ದೆ.

ಡೇರೆ ಅಕ್ಕ

ಫ್ರಿಡ್ಜ್ ಅಂತೆ. ಅಲ್ಲಿ ನೆಲ ಹೆಪ್ಪುಗಟ್ಟೋ ದೇಶದವ್ರು ಹೇಳೋದನ್ನ ತಂದು ಸೋಮವಾರಪೇಟೆ ತಾಲೂಕಿಗೆ ಹಾಕಿದ್ರೆ ಹೆಂಗಪ್ಪ. ಗೇಣುದ್ದ ಚಿಗುರು ಬಂದ ಗೆಡ್ಡೆನ ಫ್ರಿಡ್ಜಿಗಿಟ್ರೆ ಚಿಗುರೂ ಕೊಳೆತು ಗೆಡ್ಡೇನೂ ಕೊಳೆತು ಕೊನೆಗೆ ಮೊಸರೂ ವಾಸನೆ.

ತಂಗಿ ನನಗೊಂದು ಅನುಮಾನ, ನಮ್ಮನೇಲೂ ಮರಳಲ್ಲೇ ಇಟ್ಟಿದ್ದೀನಿ, ಒಂದೂ ಎದ್ದಿಲ್ಲ. ನಿಮ್ಮ ಬುಟ್ಟಿ ಎಲ್ಲಿತ್ತು?

ಮಾದಾಪುರದ ಸೊಸೆ

ಅಕ್ಕಾ ಅದು... ಉಗ್ರಾಣದ ಮೂಲೇಲಿ ಇತ್ತು. ಮೆಣಸಿನ ಮೂಟೆ ಇಡೋಕೆ ಜಾಗ ಬೇಕಾಯ್ತು, ಬಚ್ಚಲ ಒಲೆ ಪಕ್ಕ ಎತ್ತಿಟ್ಟಿದ್ದೆ. ಒಂದು ತಿಂಗಳಾಯ್ತು.

ಡೇರೆ ಅಕ್ಕ

ಅಲ್ಲಿಗೆ ಕಥೆ ಮುಗೀತು. ದಿನಾ ಬೆಳಗ್ಗೆ ಒಲೆ ಶಾಖ, ಸಂಜೆ ಹಬೆ. ನಿಮ್ಮನೆ ಡೇರೆಗೆ ಬಚ್ಚಲಲ್ಲೇ ವಸಂತ ಬಂದಿದೆ ಮಾರಾಯ್ತಿ! ಹೊರಗಿನ ಮಳೆಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಮಾಡೋದಿಷ್ಟು. ನೆಲಕ್ಕೆ ಬೇಡ. ಈಗ ನೆಟ್ರೆ ಮಾರ್ಚ್ ಏಪ್ರಿಲ್ ಬಿಸಿಲಿಗೆ ನೀರು ಹೊತ್ತು ಹೊತ್ತು ನಿಮಗೆ ಸಾಕಾಗತ್ತೆ, ಬೇಸಿಗೇಲಿ ಒಂದಿಷ್ಟು ಸಣಕಲು ಹೂ ಬಿಟ್ಟು ಸುಸ್ತಾಗಿ ಜೂನ್ ಮಳೆಗೆ ಮಲಗಿಬಿಡತ್ತೆ. ನಮಗೆ ಡೇರೆ ಬೇಕಾಗಿರೋದು ಗೌರಿ ಹಬ್ಬದ ಹೊತ್ತಿಗೆ. ಹಂಗಂತ ಬುಟ್ಟೀಲೂ ಬಿಡೋಕಾಗಲ್ಲ, ಚಿಗುರು ಕತ್ತಲೇಲಿ ಉದ್ದ ಎಳೆದಷ್ಟೂ ಗೆಡ್ಡೆ ಸೊರಗತ್ತೆ. ಕುಂಡಕ್ಕೆ ಹಾಕಿ. ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮ ಸಮ, ಹಸಿ ಗೊಬ್ಬರ ಮುಟ್ಟಬೇಡಿ. ಗೆಡ್ಡೆ ಬಿಡಿಸುವಾಗ ಹಳೇ ಕಾಂಡದ ಬುಡ ಇದ್ಯಲ್ಲ, ಕುತ್ತಿಗೆ, ಅದರ ಚೂರು ಒಂದೊಂದಕ್ಕೂ ಬರೋ ಹಂಗೆ ಕೊಯ್ಯಿರಿ. ಕಣ್ಣು ಇರೋದು ಅಲ್ಲಿ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ರೂ ಕುರುಡು, ಸಾಂಬಾರಿಗೂ ಬರಲ್ಲ. ಬಿಳಿ ಚಿಗುರು ಎರಡಂಗುಲ ಬಿಟ್ಟು ಚಿವುಟಿ, ಅಲ್ಲಿಂದ ಹಸಿರಾಗಿ ಬರತ್ತೆ. ಜಗಲೀಲಿ ಬೆಳಗಿನ ಬಿಸಿಲು ಬೀಳೋ ಕಡೆ ಇಡಿ. ನೀರು? ಒಂದು ಬೊಗಸೆ, ಅದೂ ಮಣ್ಣು ಒಣಗಿದ್ರೆ. ಎಲೆ ಬರೋಕೆ ಮುಂಚೆ ನೀರು ಜಾಸ್ತಿ ಆದ್ರೆ ಗೆಡ್ಡೆ ಕೊಳೆಯೋದು ಗ್ಯಾರಂಟಿ. ನಿಮಗೆ ಪೈಪ್ ಕಂಡ್ರೆ ಕೈ ತುರಿಸತ್ತೆ ಅಂತ ಗೊತ್ತಾಯ್ತು, ಅದಕ್ಕೇ ಎರಡು ಸಲ ಹೇಳ್ತಿದೀನಿ.

ಹಸಿರು ಚಿಗುರು ಬಂದ್ಮೇಲೆ ಮೂರಂಗುಲದ ತುದಿ ಕತ್ತರಿಸಿ ಒದ್ದೆ ಮರಳಿಗೆ ಚುಚ್ಚಿ, ಎರಡು ಮೂರು ವಾರಕ್ಕೆ ಬೇರು ಬಿಡತ್ತೆ. ನಿಮ್ಮ ಅತ್ತೆ ಹತ್ರ ಹತ್ತು ಗಿಡ ಇದ್ರೆ ಬರುವಷ್ಟರಲ್ಲಿ ಇಪ್ಪತ್ತು ತೋರಿಸಬಹುದು. ಬೈಯ್ಯೋಕೆ ಬಾಯಿ ತೆಗೆಯೋ ಮೊದ್ಲು ಅದನ್ನ ತೋರ್ಸಿ.

ಗುಲಾಬಿ ಹೇನಿಗೆ ಔಷಧಿ ಬೇಡ, ನೀರು ಜೋರಾಗಿ ಹೊಡೆದ್ರೆ ಉದುರತ್ತೆ (ಇಲ್ಲಿ ಪೈಪ್ ಹಿಡೀರಿ, ಆಸೆ ತೀರ್ಲಿ). ಈಗ ಕಡಿಯೋಕೂ ಹೋಗ್ಬೇಡಿ, ಬಾಡಿದ ಹೂ ಮಾತ್ರ ತೆಗೀರಿ. ನಾವು ಕಡಿಯೋದು ಮಳೆ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ.

ಮಳೆಪುಸ್ತಕ

ಔಷಧಿ ವಿಷಯ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅರೇಬಿಕಾ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಕೊಳ್ಳತ್ತೆ, ರೊಬಸ್ಟಾಗೆ ಹಂಗಾಗಲ್ಲ, ಬೇರೆ ಗಿಡದ ಪರಾಗ ಬೇಕು, ಅದನ್ನ ಗಾಳಿನೋ ಜೇನೋ ತರಬೇಕು. ಹೂ ನಿಲ್ಲೋದೇ ಎರಡು ಮೂರು ದಿನ. ಆ ಹೊತ್ತಿಗೆ ಅಂಗಳದಲ್ಲಿ ವಿಷ ಹೊಡೆದು ಜೇನು ಸತ್ರೆ ನಿಮ್ಮ ಹನ್ನೆರಡು ಗಿಡ ಬಿಡಿ, ಪಕ್ಕದವ್ರ ತೋಟಕ್ಕೂ ಪೆಟ್ಟು.

ಮರಹತ್ತೋನು

ನಾಪೋಕ್ಲಿಂದ. ಯಾರೂ ಹಲಸಿನ ಮರದ ಬಗ್ಗೆ ಹೇಳ್ಲಿಲ್ವಲ್ಲ!! ಅಕ್ಕ ದಯವಿಟ್ಟು ಆ ಕಡ್ಡಿ ಕೀಳಿಸಬೇಡಿ. ಬಂದಳಿಕೆ ಅಂದ್ರೆ ಕೊಂಬೆ ಒಳಗೇ ಬೇರು ಇಳಿಸಿ ಮರದ ರಸ ಕುಡಿಯತ್ತೆ, ದಪ್ಪ ಹಸಿರು ಎಲೆ ಇರತ್ತೆ. ನೀವು ಹೇಳಿದ್ದು ಬೆರಳುದ್ದದ ಒಣ ಕಡ್ಡಿ ಗೊಂಚಲು, ತೊಗಟೆ ಮೇಲೆ ಬೇರು ಹಬ್ಬಿಸಿಕೊಂಡಿರೋದು ಅಂದ್ರೆ ಅದು ಆರ್ಕಿಡ್, ಡೆಂಡ್ರೋಬಿಯಂ ಜಾತಿ ಇರ್ಬೇಕು. ಮರದಿಂದ ಏನೂ ತಗೊಳಲ್ಲ, ಕೂರೋಕೆ ಜಾಗ ಅಷ್ಟೆ. ಎಲೆ ಎಲ್ಲಾ ಉದುರಿಸಿ ಸತ್ತಂಗೆ ಕಾಣತ್ತೆ, ಆ ಬೋಳು ಕಡ್ಡಿ ಮೇಲೇ ಹೂ ಬಿಡತ್ತೆ. ಫೋಟೋ ಹಾಕಿ. ಪಕ್ಕದಲ್ಲಿ ದಪ್ಪ ಉದ್ದ ಎಲೆದು ಇದ್ರೆ ಅದು ಸೀತಾಳೆ ದಂಡೆ, ಮೇ ಜೂನ್‌ನಲ್ಲಿ ನರಿ ಬಾಲದ ಹಂಗೆ ಇಳಿಬಿಡತ್ತೆ. ನಿಮ್ಮ ಅತ್ತೆನೇ ಕಟ್ಟಿರ್ತಾರೆ, ಹಗ್ಗ ಇದ್ಯಾ ನೋಡಿ.

ಮಾದಾಪುರದ ಸೊಸೆ

ಈಗ ಟಾರ್ಚ್ ತಗೊಂಡು ಹೋಗಿ ನೋಡಿ ಬಂದೆ. ಹಗ್ಗ ಅಲ್ಲ, ಹಳೇ ಸೀರೆ ಅಂಚು. ಅತ್ತೆದೇ ಸೀರೆ. ನಾಳೆ ಬೆಳಗ್ಗೆ ಏಣಿ ಇಡೋರಿದ್ರು, ಎದೆ ಧಸಕ್ ಅಂತು.

ಕಾಡುಮಾವು

ಎಲ್ಲಾ ಸರಿ, ಆದ್ರೆ ಜನವರಿಲಿ ಮಳೆ ಬಂದು ನಮ್ಮ ಮಾವಿನ ಹೂವೆಲ್ಲ ಕಪ್ಪಾಗಿ ಉದುರ್ತು, ಅದನ್ನ ಯಾರು ಕೇಳ್ತಾರೆ. ಹೂಮಳೆ ಹೂಮಳೆ ಅಂತ ಕಾಫಿಯವ್ರು ಕುಣಿಯೋವಾಗ ಮಾವಿನವ್ರ ಕಣ್ಣೀರು ಯಾರಿಗೂ ಕಾಣಲ್ಲ. ಕಾಡುಮಾವಿನ ಸಾರು ಇಲ್ದೆ ಮೇ ತಿಂಗಳು ಯಾಕಾದ್ರೂ ಬರಬೇಕು.

ಮಳೆಪುಸ್ತಕ

ಕಾಫಿಯವ್ರೂ ಜನವರಿ ಮಳೆಗೆ ಕುಣಿಯಲ್ಲ ಸ್ವಾಮಿ. ಅರೇಬಿಕಾ ಕೊಯ್ಲು ಬಾಕಿ ಇರೋರ ಕಣದಲ್ಲಿ ಹಣ್ಣು ನೆಂದಿರತ್ತೆ, ಗಿಡದಲ್ಲಿ ಹಣ್ಣು ಇರುವಾಗಲೇ ಪಕ್ಕದಲ್ಲಿ ಹೂ ಬಂದ್ರೆ ಕೊಯ್ಯೋ ಕೈಗೆ ಹೂ ಉದುರತ್ತೆ. ನಮ್ಮಪ್ಪನ ಕಾಲದಿಂದ ರೈನ್ ಗೇಜ್ ನೋಡಿ ಬರೆದಿಟ್ಟ ಪುಸ್ತಕ ಮನೇಲಿದೆ, ನನ್ನ ಹೆಸರು ಅದಕ್ಕೇ. ಫೆಬ್ರವರಿ ಕೊನೆ, ಮಾರ್ಚ್, ಆಗ ಬಂದ್ರೆ ಅದು ಮಳೆ. ಮುಂಚೆ ಬಂದಿದ್ದು ನೆಂಟರು ಹೊತ್ತಲ್ಲದ ಹೊತ್ತಿಗೆ ಬಂದಂಗೆ, ಕಾಫಿ ಕೊಡ್ತೀವಿ ಖುಷಿ ಏನಿಲ್ಲ.

ಮಾದಾಪುರದ ಸೊಸೆ

ಒಂದು ತಿಂಗಳ ಮೇಲೆ ಬರೀತಿದೀನಿ, ಕ್ಷಮಿಸಿ. ಹದಿನೈದು ದಿನ ಪೈಪ್ ಮುಟ್ಲಿಲ್ಲ, ಗಿಡ ನೋಡಿದ್ರೆ ಹೊಟ್ಟೆ ಉರಿಯೋದು ಆದ್ರೂ ಮುಟ್ಲಿಲ್ಲ. ಶಿವರಾತ್ರಿ ಕಳೀತು, ಚಳಿ ಶಿವ ಶಿವಾ ಅಂತ ಹೋಯ್ತು. ಹೋದ ವಾರದ ಹಿಂದಿನ ಸೋಮವಾರ ರಾತ್ರಿ ಗುಡುಗು, ಕರೆಂಟ್ ಹೋಯ್ತು, ಎರಡು ಗಂಟೆ ಹೊಡೀತು ನೋಡಿ. ಪಕ್ಕದ ತೋಟದ ಅಂಕಲ್ ಬೆಳಗ್ಗೆ ಬೇಲಿ ಆಚೆಯಿಂದ "ಒಂದಿಂಚು ಇಪ್ಪತ್ತು ಸೆಂಟು!" ಅಂತ ಕೂಗಿದ್ರು, ಮೊಮ್ಮಗ ಹುಟ್ಟಿದಾಗಲೂ ಅಷ್ಟು ಖುಷಿಯಾಗಿ ಕೂಗಿರಲಿಲ್ಲ ಅಂತ ನಮ್ಮವ್ರು ನಗ್ತಿದ್ರು.

ಎಂಟನೇ ದಿನ ಬೆಳಗ್ಗೆ ಬಾಗಿಲು ತೆಗೆದ್ರೆ ಮಲ್ಲಿಗೆ ಅಂಗಡಿ ಒಳಗೆ ನಿಂತಂಗಿತ್ತು. ಮಂಜಿನಲ್ಲಿ ಬಿಳಿ ಎಲ್ಲಿ ಶುರು ಎಲ್ಲಿ ಮುಗಿಯತ್ತೆ ಗೊತ್ತಾಗ್ತಿರ್ಲಿಲ್ಲ. ಹತ್ತು ಗಂಟೆಗೆ ಜೇನಿನ ಸದ್ದು ಅಡುಗೆಮನೆಗೂ ಕೇಳ್ತಿತ್ತು, ಮಿಕ್ಸಿ ಆಫ್ ಮಾಡಿ ಕೇಳಿದೆ. ನಮ್ಮ ಹನ್ನೆರಡು ಗಿಡದಲ್ಲಿ ಕೆಳಗಿನ ರೆಕ್ಕೆಗಳಲ್ಲಿ (ಅಡ್ಡ ಕೊಂಬೆಗಳಲ್ಲಿ) ಮಾತ್ರ ನಾನು ಕೆಡಿಸಿದ ಹಸಿರು ನಕ್ಷತ್ರಗಳು ಒಣಗಿ ನಿಂತಿವೆ, ಮೇಲೆಲ್ಲ ಹೂ. ಹಲಸಿನ ಮರದ ಕಡ್ಡಿಗೂ ಬಿಳಿ ಹೂ ಬಂತು, ಅತ್ತೆಗೆ ವೀಡಿಯೋ ಕಾಲ್‌ನಲ್ಲಿ ತೋರ್ಸಿದೆ, "ಯಾರೂ ಮುಟ್ಟಿಲ್ಲ ತಾನೆ?" ಅಂದ್ರು. ಇಲ್ಲ ಅಂದೆ.

ಡೇರೆ ಹದಿನಾಲ್ಕು ಕುಂಡ ಹಸಿರಾಗಿದೆ, ಮರಳಲ್ಲಿ ಚುಚ್ಚಿದ್ದರಲ್ಲಿ ಒಂಬತ್ತು ಬೇರು ಬಿಟ್ಟಿದೆ. ಹಳದಿ ಅಂತ ಚೀಟಿ ಕಟ್ಟಿದ್ದ ದೊಡ್ಡ ಗೆಡ್ಡೆ ಮಾತ್ರ ಹೆಗ್ಗಣ ತಿಂದ್ಬಿಡ್ತು. ಅದನ್ನ ಇನ್ನೂ ಹೇಳಿಲ್ಲ. ಡೇರೆ ಅಕ್ಕ, ನಿಮ್ಮ ಹತ್ರ ಹಳದಿ ಇದ್ಯಾ?

ಡೇರೆ ಅಕ್ಕ

ಇದೆ. ಸೋಮವಾರ ಸಂತೆಗೆ ಬರ್ತೀರಾ? ಒಂದು ಕೆಂಪುದು ನಂಗೆ ತನ್ನಿ.