ಹೊಸ ಟಿವಿ ಕೂರಿಸಲು ಹೋಗಿ ಸೋತಿದ್ದೇನೆ, ನಿಮ್ಮ ಅನುಭವ ಹೇಳಿ

ಮೂಲೆಸೋಫಾ:
55 ಇಂಚಿನ ಸ್ಮಾರ್ಟ್ ಟಿವಿ ಮನೆಗೆ ಬಂದು ಆರು ದಿನ ಆಯಿತು. ಚಿತ್ರ ಕಣ್ಣು ಕುಕ್ಕುತ್ತದೆ. ಬ್ರೈಟ್‌ನೆಸ್ ಇಳಿಸಿದರೆ ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ಏರುತ್ತದೆ. ಸೌಂಡ್‌ಬಾರ್ ಜೋಡಿಸಿದರೆ ಸದ್ದಿಲ್ಲ. ವೈಫೈ ಆಗಾಗ ಕಡಿಯುತ್ತದೆ. ಗೋಡೆಗೆ ಹಾಕಲೋ, ಮೇಜಿನ ಮೇಲೇ ಇರಲೋ ಅದೂ ಗೊತ್ತಾಗುತ್ತಿಲ್ಲ. ಅಮ್ಮ ಹಳೇ ಟಿವಿಯೇ ವಾಸಿ ಅನ್ನುತ್ತಿದ್ದಾರೆ. ನೀವೆಲ್ಲ ಹೇಗೆ ಮಾಡಿದಿರಿ?

ಗೋಡೆಪುರಾಣ:
ಗೋಡೆಗೇ ಹಾಕಿ. ಆದರೆ ನಾನು ಹಾಕಿದ ಹಾಗೆ ಹಾಕಬೇಡಿ. ತಂತಿ ಒಂದೂ ಕಾಣಬಾರದೆಂದು ಹಟ ಹಿಡಿದು ಗೋಡೆ ಕೊರೆಸಿ ಪೈಪ್ ಹೂಳಿಸಿದೆ. ಬಾಕ್ಸು, ಪ್ಲೇಯರ್ರು ಎಲ್ಲ ಎದುರು ಗೋಡೆಯ ಕಪಾಟಿನಲ್ಲಿ. ಚಿತ್ರ, ಸದ್ದು ಎರಡನ್ನೂ ಟಿವಿಗೆ ಒಯ್ಯುವ ಮಾಮೂಲಿ ಎಚ್‌ಡಿಎಂಐ ಕೇಬಲ್‌ನ ತಲೆ ದಪ್ಪ, ಪೈಪಿನ ಎರಡನೇ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅರ್ಧ ದಿನ ಗುದ್ದಾಡಿ ತುಂಡು ತುಂಡಾಗಿ ತೆಗೆದೆವು. ಒಂದು ಕೇಬಲ್ ಹೋಯಿತು.

ಆಮೇಲೆ 15 ಮೀಟರ್‌ನ ಆಪ್ಟಿಕಲ್ ಎಚ್‌ಡಿಎಂಐ ತಂದೆ, ಬೆಳಕಿನ ಮೂಲಕ ಸಿಗ್ನಲ್ ಒಯ್ಯುವಂಥದ್ದು. ತೆಳ್ಳಗಿತ್ತು, ತಲೆಯೂ ಸಣ್ಣದು, ಹಾವಿನ ಹಾಗೆ ನುಗ್ಗಿತು. ಗಾರೆ ಮೆತ್ತಿಸಿದೆ. ಎರಡು ಕೋಟು ಬಣ್ಣ ಹೊಡೆಸಿದೆ. ಬ್ರಾಕೆಟ್ 200ಕ್ಕೆ 200 ಮಿಲಿಮೀಟರ್ ಅಳತೆಯದ್ದು ತಂದಿದ್ದೆ, ಟಿವಿ ಹಿಂದಿನ ರಂಧ್ರ 300ಕ್ಕೆ 200. ಅದನ್ನು ಬದಲಿಸಿದೆ. ಸ್ಕ್ರೂ ಎಂ6 ಬೇಕಿತ್ತು, ಕೈಯಲ್ಲಿದ್ದದ್ದು ಎಂ8. ಅದನ್ನೂ ಬದಲಿಸಿದೆ. ಕೊನೆಗೆ ಟಿವಿ ತೂಗುಹಾಕಿ ಬಟನ್ ಒತ್ತಿದರೆ 'ಸಿಗ್ನಲ್ ಇಲ್ಲ'.

ಎರಡು ದಿನ ಟಿವಿಯನ್ನೇ ಬೈದೆ. ಮೂರನೇ ದಿನ ಟಾರ್ಚ್ ಹಿಡಿದು ನೋಡಿದರೆ ಟಿವಿ ಕಡೆಯ ತುದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಸೋರ್ಸ್' ಎಂದು ಬರೆದಿದೆ! ಆ ಜಾತಿಯ ಕೇಬಲ್‌ಗೆ ದಿಕ್ಕಿದೆ. ಸೋರ್ಸ್ ತುದಿ ಬಾಕ್ಸ್‌ಗೆ, ಡಿಸ್‌ಪ್ಲೇ ತುದಿ ಟಿವಿಗೆ. ನಾನು ಉಲ್ಟಾ ಎಳೆಸಿದ್ದೆ. ಮತ್ತೆ ಗೋಡೆ ಒಡೆಸಿದೆ, ಮತ್ತೆ ಗಾರೆ, ಮತ್ತೆ ಬಣ್ಣ. ಈ ಸಲ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ, ಇಡೀ ಗೋಡೆ ಹೊಡೆಸಬೇಕಾಯಿತು. ಈಗ ನೋಡಿದವರೆಲ್ಲ 'ತಂತಿಯೇ ಇಲ್ವಲ್ಲ' ಅನ್ನುತ್ತಾರೆ. ಅಷ್ಟು ಸಾಕು ನನಗೆ.

ಕಾಲೇಸಾಕು:
ಇಷ್ಟೆಲ್ಲ ಓದಿ ನನಗೇ ಸುಸ್ತಾಯಿತು. ಗೋಡೆಯನ್ನು ಸುಮ್ನೆ ಯಾಕೆ ಕೊರೆಯುತ್ತೀರಿ? ನನ್ನ 65 ಇಂಚಿನ ಟಿವಿ ನಾಲ್ಕು ವರ್ಷದಿಂದ ಮೇಜಿನ ಮೇಲೇ ಇದೆ. ಕಣ್ಣಿನ ಮಟ್ಟದಲ್ಲಿದೆ. ಗೋಡೆಗೆ ಹಾಕುವವರು ಅಜ್ಜನ ಫೋಟೋ ಹಾಗೆ ಮೇಲಕ್ಕೆ ಏರಿಸುತ್ತಾರೆ, ಆಮೇಲೆ ಕತ್ತು ನೋವು ಅನ್ನುತ್ತಾರೆ.

ಒಂದೇ ಒಂದು ಎಡವಟ್ಟಾಗಿತ್ತು, ಒಪ್ಪಿಕೊಳ್ಳುತ್ತೇನೆ. ಪರದೆ ಅಳೆದಿದ್ದೆ, ಕಾಲಿನ ಅಂತರ ಅಳೆದಿರಲಿಲ್ಲ. ಎಷ್ಟೋ ಹೊಸ ಟಿವಿಗಳಲ್ಲಿ ಕಾಲು ನಡುವೆ ಇರುವುದಿಲ್ಲ, ಎರಡು ತುದಿಗೆ ಹೋಗಿರುತ್ತದೆ. ನನ್ನ ಪರದೆಯೇ 144 ಸೆಂಟಿಮೀಟರ್ ಅಗಲ, ಮೇಜು 110. ಬಡಗಿ ಹತ್ತಿರ ಹಲಗೆ ಮಾಡಿಸಿದೆ. ಮೊದಲನೇ ಹಲಗೆ ಬಾಗಿತು. ಎರಡನೆಯದು ಭಾರವಾಗಿ ಮೇಜಿನ ಕಾಲು ಅಲುಗಾಡಿತು. ಮೂರನೆಯದು ಗಟ್ಟಿಯಾಗಿದೆ.

ಗೋಡೆಪುರಾಣ:
ಮೂರು ಹಲಗೆ ಬದಲಿಸಿದವರು ನನಗೆ ಬುದ್ಧಿ ಹೇಳುವುದು ಚೆನ್ನಾಗಿದೆ.

ಕಾಲೇಸಾಕು:
ಹಲಗೆ ಬದಲಿಸಿದೆ, ಮನೆ ಕೆಡವಲಿಲ್ಲ.

ಮೂರುರಿಮೋಟ್:
ನಿಮ್ಮ ಜಗಳ ಪಕ್ಕಕ್ಕಿಡಿ. ಸೌಂಡ್‌ಬಾರ್ ನನ್ನ ಮೂರು ವಾರ ತಿಂದಿದೆ. ಟಿವಿ ಹಿಂದೆ ನಾಲ್ಕು ಎಚ್‌ಡಿಎಂಐ ಕಿಂಡಿ ಇದ್ದವು, ಒಂದಕ್ಕೆ ಹಾಕಿದೆ. ಸದ್ದಿಲ್ಲ. ಕೇಬಲ್ ಬದಲಿಸಿದೆ. ಸದ್ದಿಲ್ಲ. ಇನ್ನೂ ಒಂದು ಕೇಬಲ್ ತಂದೆ. ತಲೆ ಕೆಟ್ಟು ಕೆರ ಹಿಡಿಯಿತು. ಆಮೇಲೆ ಗೊತ್ತಾಯಿತು, ನಾಲ್ಕರಲ್ಲಿ ಎಆರ್‌ಸಿ ಎಂದು ಬರೆದ ಒಂದೇ ಕಿಂಡಿಯಲ್ಲಿ ಸದ್ದು ಹೊರಗೆ ಬರುತ್ತದೆ. ಈ ಎಆರ್‌ಸಿ 2009ರ ಎಚ್‌ಡಿಎಂಐ 1.4ರಿಂದಲೇ ಇದೆಯಂತೆ. ಇಷ್ಟು ವರ್ಷ ಆದರೂ ಆ ಕಿಂಡಿಗೆ ಬೇರೆ ಬಣ್ಣ ಬಳಿಯಬೇಕೆಂದು ಯಾರಿಗೂ ತೋಚಿಲ್ಲ.

ಸರಿ, ಹಾಕಿದೆ. ಆಗಲೂ ಇಲ್ಲ. ಜೋಡಿಸಿದ ಸಾಧನಗಳು ಒಂದನ್ನೊಂದು ನಿಯಂತ್ರಿಸಲು ಬಿಡುವ ಸಿಇಸಿ ಆನ್ ಮಾಡಬೇಕಿತ್ತು, ಅದನ್ನು ಒಬ್ಬೊಬ್ಬ ತಯಾರಕ ಒಂದೊಂದು ಹೆಸರಿನಲ್ಲಿ ಮೆನುವಿನ ಒಳಗೆ ಬಚ್ಚಿಟ್ಟಿರುತ್ತಾನೆ. ಆನ್ ಮಾಡಿದೆ, ಸದ್ದು ಬಂತು. ಕುಣಿದಾಡಿದೆ. ಮಾರನೇ ದಿನದಿಂದ ಮಗ ಗೇಮ್ ಬಾಕ್ಸ್ ಆಫ್ ಮಾಡಿದರೆ ಟಿವಿಯೂ ಆಫ್. ಎಲ್ಲ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ, ನಮ್ಮನ್ನು ಕೇಳುವುದೇ ಇಲ್ಲ. ಕೊನೆಗೆ ಸಿಇಸಿ ಆಫ್ ಮಾಡಿ, ಸದ್ದನ್ನು ಮಾತ್ರ ಒಯ್ಯುವ ಹಳೇ ಆಪ್ಟಿಕಲ್ ಕೇಬಲ್ ಚುಚ್ಚಿದೆ. ಸದ್ದಿಗೆ ಒಂದು ರಿಮೋಟ್, ಟಿವಿಗೆ ಒಂದು, ಬಾಕ್ಸ್‌ಗೆ ಒಂದು. ನೆಮ್ಮದಿಯಾಗಿದ್ದೇನೆ.

ತಂತಿಯೇವಾಸಿ:
ಆಪ್ಟಿಕಲ್‌ನಲ್ಲಿ ಅಟ್ಮಾಸ್, ಅಂದರೆ ತಲೆ ಮೇಲಿಂದಲೂ ಸದ್ದು ಕೇಳಿಸುವ ತಂತ್ರ, ಬರುವುದಿಲ್ಲ. 5.1ಕ್ಕೇ, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೇ ನಿಲ್ಲುತ್ತದೆ. ಅಷ್ಟು ದುಡ್ಡು ಹಾಕಿ ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗಾಯಿತು.

ಮೂರುರಿಮೋಟ್:
ನನ್ನ ಸೌಂಡ್‌ಬಾರ್‌ನಲ್ಲಿ ಇರುವುದೇ ಎರಡು ಸ್ಪೀಕರ್. ಅಟ್ಮಾಸ್ ಬಂದು ಎಲ್ಲಿ ಕೂರಬೇಕು?

ತಂತಿಯೇವಾಸಿ:
ಸರಿ ಬಿಡಿ. ನನ್ನ ಕಥೆ ವೈಫೈದು. ದಿನಾ ಚಿತ್ರ ನಿಂತು ಚಕ್ರ ತಿರುಗುತ್ತಿತ್ತು. ರೂಟರ್ ಬದಲಿಸಿದೆ. ಜಾಗ ಬದಲಿಸಿದೆ. ಎಕ್ಸ್‌ಟೆಂಡರ್ ತಂದೆ, ಇನ್ನೂ ಹದಗೆಟ್ಟಿತು. ಟಿವಿಯನ್ನು ಐದು ಸಲ ಫ್ಯಾಕ್ಟರಿ ರಿಸೆಟ್ ಮಾಡಿದೆ. ಐದು ಸಲವೂ 16 ಅಕ್ಷರದ ಪಾಸ್‌ವರ್ಡನ್ನು ಬಾಣದ ಬಟನ್ನಿನಲ್ಲಿ ಒತ್ತಿ ಒತ್ತಿ ಹಾಕಿದ್ದೇನೆ. ಒಂದು ದಿನ ಧೂಳು ಒರೆಸಲು ಟಿವಿ ಹಿಂದಿದ್ದ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕಿತ್ತೆ. ವೈಫೈ ಸರಿಹೋಯಿತು! ಮತ್ತೆ ಚುಚ್ಚಿದೆ, ಕೆಟ್ಟಿತು. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ವೈಫೈ ಮೇಲೆ ಬೀಳುತ್ತದೆ. ಎರಡು ರೂಟರ್ ದುಡ್ಡು ಹಾಳಾದ ಮೇಲೆ ಈ ಜ್ಞಾನ ಬಂತು. ಆ ಸಿಟ್ಟಿಗೆ ನೆಟ್‌ವರ್ಕ್ ಕೇಬಲ್ಲನ್ನೇ ಎಳೆದುಬಿಟ್ಟೆ.

ಕಾಲೇಸಾಕು:
ಹೆಚ್ಚಿನ ಟಿವಿಗಳ ನೆಟ್‌ವರ್ಕ್ ಕಿಂಡಿ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ. 5 ಗಿಗಾಹರ್ಟ್ಸ್ ವೈಫೈ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಸುಮ್ನೆ ಎಳೆದಿರಿ.

ತಂತಿಯೇವಾಸಿ:
4ಕೆ ಸಿನಿಮಾ ಸ್ಟ್ರೀಮ್ ಆಗಲು 25 ಇದ್ದರೆ ಧಾರಾಳ. ಮಿಕ್ಕ 75ರಲ್ಲಿ ನಿಮ್ಮ ನಾಲ್ಕನೇ ಹಲಗೆ ಮಾಡಿಸೋಣವಾ?

ಇಪ್ಪತ್ನಾಲ್ಕುಫ್ರೇಮ್:
ತಂತಿ, ಹಲಗೆ, ಗಾರೆ ಎಲ್ಲ ಆಯಿತು. ಚಿತ್ರದ ಬಗ್ಗೆ ಒಬ್ಬರಾದರೂ ಮಾತಾಡಿದಿರಾ? ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಹೊಸ ಟಿವಿ ನಡುವೆ ತನ್ನದೇ ಫ್ರೇಮ್ ಹುಟ್ಟಿಸಿ ತುರುಕುತ್ತದೆ. ದೊಡ್ಡ ಸಿನಿಮಾ ಕೂಡ ಧಾರಾವಾಹಿ ಹಾಗೆ ಕಾಣುತ್ತದೆ. ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಸಿನಿಮಾ ಮಾಡಿದವರು ಬಯಸಿದ ಹಾಗೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಹಾಕಿ. ನಾನು ಎರಡು ವಾರಾಂತ್ಯ ಕೂತು ಬಣ್ಣ, ಗಾಮಾ (ನೆರಳು-ಬೆಳಕಿನ ನಡುವಿನ ಹದ), ಎಲ್ಲ ಸರಿ ಮಾಡಿದ್ದೆ. ಬೆಳಗ್ಗೆ ಎದ್ದರೆ ಎಲ್ಲ ಮೊದಲಿನ ಹಾಗೇ. ಮತ್ತೆ ಮಾಡಿದೆ, ಮತ್ತೆ ಅಳಿಸಿತು. ನೋಡಿದರೆ ಮೊದಲ ದಿನ ಟಿವಿ 'ಮನೆಯೋ ಅಂಗಡಿಯೋ' ಎಂದು ಕೇಳಿದಾಗ ಆತುರಕ್ಕೆ ಅಂಗಡಿ ಎಂದು ಒತ್ತಿದ್ದೆ. ಅಂಗಡಿ ಮೋಡ್‌ನಲ್ಲಿ ಬೆಳಕು ಪೂರ್ತಿ ಏರಿರುತ್ತದೆ, ನಾವು ಬದಲಿಸಿದ್ದನ್ನು ಅದು ಉಳಿಸುವುದಿಲ್ಲ. ಆ ಎರಡು ವಾರಾಂತ್ಯ ನನಗೆ ಯಾರು ವಾಪಸ್ ಕೊಡುತ್ತಾರೆ?

ಮೂರುರಿಮೋಟ್:
ಸ್ಮೂತಿಂಗ್ ಇದ್ದರೆ ಮ್ಯಾಚ್ ಚೆನ್ನಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಆನ್ ಇದೆ, ಆನ್ ಇರುತ್ತದೆ.

ಇಪ್ಪತ್ನಾಲ್ಕುಫ್ರೇಮ್:
ಎರಡು ಸ್ಪೀಕರ್ ಸಾಕೆಂದವರ ಹತ್ತಿರ ನನಗೆ ವಾದ ಬೇಡ.

ಮೂಲೆಸೋಫಾ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಂಗಡಿ ಮೋಡ್! ನಾನೂ ಅದನ್ನೇ ಒತ್ತಿದ್ದೆ. 'ಮನೆ' ಎಂದು ಬದಲಿಸಿದೆ, ಬೆಳಕು ಈಗ ಇಳಿಸಿದಲ್ಲೇ ನಿಂತಿದೆ. ಸೌಂಡ್‌ಬಾರ್ ಎರಡನೇ ಕಿಂಡಿಯಲ್ಲಿತ್ತು, ಎಆರ್‌ಸಿ ಮೂರನೆಯದು. ವೈಫೈ ಇನ್ನೂ ನೋಡಬೇಕು, ಹಾರ್ಡ್‌ಡಿಸ್ಕ್ ಅಂತೂ ನಮ್ಮಲ್ಲಿಲ್ಲ. ಗೋಡೆ ವಿಷಯ ಸದ್ಯಕ್ಕೆ ಬಿಟ್ಟಿದ್ದೇನೆ.

ಕಾಲೇಸಾಕು:
ಬಿಟ್ಟಿದ್ದು ಒಳ್ಳೆಯದು. ಅಂದ ಹಾಗೆ ಗೋಡೆಪುರಾಣ ಅವರೇ, ಒಂದು ಸಂಶಯ. ಕೇಬಲ್ ಪೈಪಿನ ಒಳಗಿತ್ತು ಅಲ್ವಾ? ಅದರ ಬಾಲಕ್ಕೆ ಒಂದು ದಾರ ಕಟ್ಟಿ ಹೊರಗೆಳೆದು, ಅದೇ ದಾರದಲ್ಲಿ ತಿರುಗಿಸಿ ವಾಪಸ್ ಎಳೆದಿದ್ದರೆ ಆಗುತ್ತಿತ್ತು. ಗೋಡೆ ಯಾಕೆ ಒಡೆಸಿದಿರಿ?

ಗೋಡೆಪುರಾಣ:
ಆ ಕೆಲಸದವನೂ ಹೋಗುವಾಗ ಇದನ್ನೇ ಕೇಳಿದ. ಒಡೆದಾದ ಮೇಲೆ.